ಕ್ಷಯರೋಗಿಯೂ ಅವನ ಚಿಕಿತ್ಸಕರೂ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಈ ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಆಚಾರ್ಯನು ವಿಧಿಸಿರುವನು. ರೋಗಿಯ ಪಾಲಿಗೆ ಬಂದವು ಸ್ಮೃತಿ, ವೈದ್ಯನ ನಿರ್ದೇಶದಂತೆ ನಡೆಯುವ ವಿಧೇಯತೆ, ನಿರ್ಭಯತೆ, ಮತ್ತು ತನ್ನ ವ್ಯಾಧಿಯ ಲಕ್ಷಣಗಳನ್ನು ತಾನೇ ತಿಳಿಯಹೇಳಬಲ್ಲ ಸಾಮರ್ಥ್ಯ. ರೋಗಿಯು ಚಿಕಿತ್ಸೆಗೆ ಒಳಗಾಗುವ ಜಡವಸ್ತುವಲ್ಲವೆಂದೂ, ಚಿಕಿತ್ಸೆಯನ್ನು ನಡೆಯಿಸತಕ್ಕವರಲ್ಲಿ ಅವನೂ ಒಬ್ಬನೆಂದೂ ಎಣಿಸಿದ ಈ ದೃಷ್ಟಿಯು ಎಷ್ಟು ಪ್ರಾಚೀನವೋ, ಅದನ್ನು ಮರೆತು ನಡೆದುಕೊಳ್ಳುವ ಅಭ್ಯಾಸವೂ ಅಷ್ಟೇ ಪ್ರಾಚೀನವಾದದ್ದಿರಬೇಕು. ನಾಲ್ಕರಲ್ಲಿ ವಿಧೇಯತೆಯೊಂದನ್ನೇ ಎತ್ತಿ ಹಿಡಿದು, ಹೇಳಿಕೊಳ್ಳುವ ಸಾಮರ್ಥ್ಯವೆಂಬ ಕೊನೆಯದನ್ನು ಕಡೆಗಣಿಸಿದ ಕಾಲಗಳೇ ವೈದ್ಯಕದ ಚರಿತ್ರೆಯಲ್ಲಿ ಹೆಚ್ಚು.

ನಾಲ್ಕು ದಿನ ಕಾಡಿ ಇಳಿದುಹೋಗುವ ಜ್ವರದಲ್ಲಿ ವೈದ್ಯನಿಗೂ ರೋಗಿಗೂ ನಡುವಣ ಸಂಬಂಧವು ಪರೀಕ್ಷೆಗೆ ಒಳಗಾಗುವುದಿಲ್ಲ. ಔಷಧ ಹಿಡಿಯಿತು, ಜ್ವರ ಬಿಟ್ಟಿತು, ಒಬ್ಬರ ಮುಖವನ್ನೊಬ್ಬರು ಮರೆತರು. ತಿಂಗಳುಗಟ್ಟಲೆ, ವರ್ಷಗಟ್ಟಲೆ ದೇಹದಲ್ಲಿ ಬೀಡುಬಿಡುವ ದೀರ್ಘರೋಗದ ವಿಷಯ ಹಾಗಲ್ಲ. ಅಲ್ಲಿ ವೈದ್ಯ, ದಾದಿ, ಔಷಧ ಕೊಡುವವನು, ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತೆ ಇವರೆಲ್ಲರೂ ರೋಗಿಯ ಸಂಸಾರದೊಳಗೆ ಕಾಲಿಡುತ್ತಾರೆ. ಅವರ ಮೇಲೆ ರೋಗಿಗೆ ನಂಬಿಕೆ ಹುಟ್ಟದಿದ್ದರೆ, ರೋಗಿಯ ಮೇಲೆ ಅವರಿಗೆ ಗೌರವ ಹುಟ್ಟದಿದ್ದರೆ, ಅತ್ಯುತ್ತಮವಾದ ಔಷಧವೂ ಕಪಾಟಿನಲ್ಲಿಯೇ ಉಳಿಯುತ್ತದೆ. ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಮದನಪಲ್ಲಿ, ಮದರಾಸು, ಬೆಂಗಳೂರು, ತುಮಕೂರು ಎಂಬ ಈ ನಾಲ್ಕು ಊರುಗಳ ನಡುವೆ, ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲದೊಳಗೆ, ಕ್ಷಯರೋಗಿಗೂ ಅವನ ಚಿಕಿತ್ಸಕರಿಗೂ ಇದ್ದ ಸಂಬಂಧವು ಬುಡಸಹಿತ ಬದಲಾದ ಕಥೆಯಿದೆ. ಆ ಬದಲಾವಣೆಯ ಬೆಳಕಿನಲ್ಲಿ ಜಗತ್ತಿನ ಅನೇಕ ಬಡದೇಶಗಳು ತಮ್ಮ ಆರೋಗ್ಯವ್ಯವಸ್ಥೆಯನ್ನು ತಿದ್ದಿಕೊಂಡವು. ನಮ್ಮ ನೆರೆಯಲ್ಲಿಯೇ ನಡೆದ ಈ ಸಂಗತಿಯನ್ನು ನಮ್ಮ ಜನ ಅಷ್ಟಾಗಿ ಅರಿತಿಲ್ಲವೆಂಬುದು ನನಗೆ ವ್ಯಥೆಯ ವಿಷಯ.

ಕ್ಷಯವನ್ನು ನಮ್ಮ ಹಿರಿಯರು ರಾಜಯಕ್ಷ್ಮವೆಂದರು. ದಕ್ಷನ ಶಾಪಕ್ಕೆ ಗುರಿಯಾದ ಚಂದ್ರನು ದಿನದಿನಕ್ಕೆ ಸವೆದ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಚಂದ್ರನಿಗೆ ಶುಕ್ಲಪಕ್ಷವೊಂದಿತ್ತು, ಮನುಷ್ಯನಿಗೆ ಅದು ನಿಶ್ಚಯವಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಈ ರೋಗ ತಗುಲಿತೆಂದು ಊರಿಗೆ ತಿಳಿದರೆ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯದಿಂದ ರೋಗದ ಹೆಸರನ್ನೇ ನಾಲಿಗೆಯ ಮೇಲೆ ತರುತ್ತಿರಲಿಲ್ಲ. ‘ಆ ಕಾಯಿಲೆ’, ‘ದೊಡ್ಡ ಕಾಯಿಲೆ’ ಎಂದು ತಗ್ಗಿದ ಧ್ವನಿಯಲ್ಲಿ ಹೇಳಿ ಮುಗಿಸುತ್ತಿದ್ದರು. ವೈದ್ಯನೂ ಎಷ್ಟೋ ವೇಳೆ ಈ ಮರೆಮಾಚುವಿಕೆಯಲ್ಲಿ ಮನೆಯವರೊಡನೆ ಪಾಲುಗೊಂಡು, ರೋಗಿಗೆ ಮಾತ್ರ ಅವನ ರೋಗದ ಹೆಸರನ್ನು ತಿಳಿಸದೆ ಇರುತ್ತಿದ್ದನು. 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟ ಮೇಲೂ ಅರುವತ್ತು ವರ್ಷಗಳ ಕಾಲ ಆ ಕ್ರಿಮಿಯನ್ನು ಕೊಲ್ಲುವ ಔಷಧವಿರಲಿಲ್ಲ. ಶತ್ರುವಿನ ಗುರುತು ಸಿಕ್ಕಿತು, ಆಯುಧ ಸಿಕ್ಕಲಿಲ್ಲ.

ಆಯುಧವಿಲ್ಲದ ಆ ಕಾಲದಲ್ಲಿ ಹುಟ್ಟಿದ್ದು ಸ್ಯಾನಿಟೋರಿಯಂ. ಹರ್ಮನ್ ಬ್ರೇಮರ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದ ಊರಿನಲ್ಲಿ ಇದನ್ನು ಮೊದಲುಮಾಡಿದನು. ಅವನ ಕೈಯಲ್ಲಿ ರೋಗಿಯಾಗಿ ಚಿಕಿತ್ಸೆ ಪಡೆದ ಪೀಟರ್ ಡೆಟ್‌ವೈಲರ್ ಎಂಬ ವೈದ್ಯನು ಫಾಲ್ಕೆನ್‌ಸ್ಟೈನ್ ಎಂಬಲ್ಲಿ ಇನ್ನೊಂದನ್ನು ನಡೆಸಿದನು. ಅಮೆರಿಕೆಯಲ್ಲಿ ಸರನಾಕ್ ಸರೋವರದ ಬಳಿ ಸ್ಯಾನಿಟೋರಿಯಂ ಕಟ್ಟಿದ ಟ್ರೂಡೋ ಸಹ ಕ್ಷಯರೋಗಿಯೇ. ಹೀಗೆ ಈ ಪದ್ಧತಿಯ ಮೂಲಪುರುಷರಲ್ಲಿ ಹಲವರು ಹಾಸಿಗೆಯ ಎರಡೂ ಕಡೆಗಳನ್ನು ಕಂಡವರು. ಸ್ಯಾನಿಟೋರಿಯಂನ ಕಟ್ಟುನಿಟ್ಟುಗಳನ್ನು ಕುರಿತು ಯೋಚಿಸುವಾಗ ಈ ಅಂಶವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಆ ನಿಯಮಗಳು ಮೊದಲು ದರ್ಪದಿಂದ ಹುಟ್ಟಲಿಲ್ಲ, ಬದುಕಿ ಉಳಿದವರ ಅನುಭವದಿಂದ ಹುಟ್ಟಿದವು.

ಭಾರತದಲ್ಲಿ ಮೊದಲನೆಯದು 1906ರಲ್ಲಿ ಅಜ್ಮೀರದ ಹತ್ತಿರ ತಿಲೋನಿಯಾದಲ್ಲಿ ಸ್ಥಾಪಿತವಾಯಿತು. ದಕ್ಷಿಣದಲ್ಲಿ ಹಲವು ಕ್ರೈಸ್ತ ಮಿಷನ್ನುಗಳು ಒಂದುಗೂಡಿ, ಕೋಲಾರಕ್ಕೆ ದೂರವಲ್ಲದ ಮದನಪಲ್ಲಿಯ ಬಯಲಿನಲ್ಲಿ ಒಂದನ್ನು ಕಟ್ಟಿದವು. ಆ ಸ್ಥಳಕ್ಕೆ ಆರೋಗ್ಯವರವೆಂದು ಹೆಸರಾಯಿತು. ಡೆನ್ಮಾರ್ಕಿನಿಂದ ಬಂದ ಕ್ರಿಶ್ಚಿಯನ್ ಫ್ರಿಮೊಟ್ ಮೊಲ್ಲರ್ ಅದರ ಆದ್ಯ ವೈದ್ಯರು; ಆಮೇಲೆ ಅದರ ಆಡಳಿತ ವಹಿಸಿದ ಡಾ. ಪಿ. ವಿ. ಬೆಂಜಮಿನ್ ಸ್ವತಂತ್ರ ಭಾರತದ ಸರ್ಕಾರಕ್ಕೆ ಕ್ಷಯ ವಿಷಯದಲ್ಲಿ ಸಲಹೆಗಾರರಾದರು. ಮೈಸೂರಿನಲ್ಲಿ, ಕ್ಷಯಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗಾಗಿ ಅರಸುಮನೆತನದವರು ಊರ ಹೊರಗೆ ಕಟ್ಟಿಸಿದ ಆಸ್ಪತ್ರೆಯನ್ನು ಜನ ಇಂದಿಗೂ ಪಿ.ಕೆ. ಸ್ಯಾನಿಟೋರಿಯಂ ಎಂದೇ ಕರೆಯುತ್ತಾರೆ. ಮದರಾಸಿನ ಹೊರವಲಯದ ತಾಂಬರದಲ್ಲಿ ಡಾ. ಡೇವಿಡ್ ಚೌರಿಮುತ್ತು ಎಂಬವರು 1928ರಲ್ಲಿ ತೆರೆದ ಸ್ಯಾನಿಟೋರಿಯಂನಿಂದ ಅಲ್ಲಿಯ ರೈಲು ನಿಲ್ದಾಣಕ್ಕೇ ಆ ಹೆಸರು ನಿಂತಿತು. ಅರಮನೆಯ ದುಃಖವಾಗಲಿ ಮಿಷನ್ನಿನ ದಯೆಯಾಗಲಿ ಒಬ್ಬ ವೈದ್ಯನ ಛಲವಾಗಲಿ ಕಾರಣವಾಗಿ ಎದ್ದ ಈ ಕಟ್ಟಡಗಳಲ್ಲಿ ರೋಗಿಗಳು ಆರು ತಿಂಗಳು, ವರ್ಷ, ಎರಡು ವರ್ಷ ವಾಸಿಸಿದರು.

ಅಲ್ಲಿಯ ಜೀವನಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಗಾಳಿಗೆ ತೆರೆದ ಉದ್ದನೆಯ ಜಗಲಿಯಲ್ಲಿ ಸಾಲಾಗಿ ಮಂಚಗಳು, ಮಂಚದ ತಲೆಯ ಕಡೆ ಜ್ವರದ ಏರಿಳಿತವನ್ನು ಗೆರೆಯಲ್ಲಿ ತೋರಿಸುವ ಚೀಟಿ, ಕಫಕ್ಕೆ ಮುಚ್ಚಳವುಳ್ಳ ಪಾತ್ರೆ, ವಾರಕ್ಕೊಮ್ಮೆ ತೂಕ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ ಮಾತನಾಡಕೂಡದು, ಓದಕೂಡದು. ಜ್ವರ ಇಳಿದವನಿಗೆ ಮೊದಲು ಮಂಚದ ಮೇಲೆ ಕುಳಿತುಕೊಳ್ಳಲು, ಆಮೇಲೆ ಜಗಲಿಯ ತುದಿಯವರೆಗೆ ಹೋಗಲು, ಕ್ರಮೇಣ ತೋಟದಲ್ಲಿ ತಿರುಗಾಡಲು ಅಪ್ಪಣೆ ದೊರೆಯುತ್ತಿತ್ತು. ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂಬುದನ್ನು ವೈದ್ಯನು ಗೊತ್ತುಮಾಡುವನು. ರೋಗಿಯ ನಿದ್ರೆ, ಊಟ, ನಗು, ಕಾಗದ ಬರೆಯುವ ಹೊತ್ತು ಎಲ್ಲವೂ ಚಿಕಿತ್ಸೆಯೊಳಗೆ ಸೇರಿಹೋಗಿದ್ದವು.

ಎ.ಪಿ. ಎಂದು ಎಲ್ಲರೂ ಕರೆಯುತ್ತಿದ್ದ ಇನ್ನೊಂದು ಉಪಚಾರವಿತ್ತು. ಎದೆಗೂಡಿಗೂ ಶ್ವಾಸಕೋಶಕ್ಕೂ ನಡುವೆ ಸೂಜಿಯಿಂದ ಗಾಳಿಯನ್ನು ತುಂಬಿ, ಕೆಟ್ಟ ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೆ ಬಲವಂತದ ವಿಶ್ರಾಂತಿಯನ್ನು ಕೊಡುವ ಕ್ರಮ ಅದು. ಇಟಲಿಯ ಫೋರ್ಲಾನಿನಿ ಎಂಬವನು ಇದನ್ನು ರೂಢಿಗೆ ತಂದನು. ತುಂಬಿದ ಗಾಳಿಯನ್ನು ದೇಹವು ಮೆಲ್ಲಮೆಲ್ಲನೆ ಹೀರಿಕೊಳ್ಳುವುದರಿಂದ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮತ್ತೆ ತುಂಬಿಸಿಕೊಳ್ಳಬೇಕು. ಹೀಗೆ ಎರಡು ಮೂರು ವರ್ಷ ನಡೆಯಬೇಕು. ಊರಿಗೆ ಹಿಂತಿರುಗಿದವನು ಸಹ ಈ ಸೂಜಿಯ ನಿಮಿತ್ತವಾಗಿ ವೈದ್ಯನ ಬಳಿಗೆ ಬಾರಿಬಾರಿಗೂ ಬರಬೇಕಾಗಿತ್ತು. ಹಾಗೆ ಬರುವಾಗ ಹೊಲದ ಸುದ್ದಿ, ಮಗಳ ಮದುವೆಯ ಸುದ್ದಿ, ಸಾಲದ ಸುದ್ದಿ ಎಲ್ಲವೂ ಜೊತೆಯಲ್ಲಿ ಬರುತ್ತಿದ್ದವು. ರೋಗಿಯನ್ನು ಹೆಸರು ಹಿಡಿದು ಕರೆಯಬಲ್ಲ, ಅವನ ಮನೆಯ ಸ್ಥಿತಿಯನ್ನು ಬಲ್ಲ ವೈದ್ಯರು ಈ ಕಾಲದಲ್ಲಿ ಇದ್ದರು. ಗುಣಹೊಂದಿದವರು ಹೊರಗಿನ ಲೋಕದಲ್ಲಿ ಕೆಲಸ ದೊರೆಯದೆ ಸ್ಯಾನಿಟೋರಿಯಂನಲ್ಲಿಯೇ ಗುಮಾಸ್ತರಾಗಿಯೋ ದಾದಿಯರಾಗಿಯೋ ನಿಂತದ್ದೂ ಉಂಟು. ಅದು ಒಂದು ಬಗೆಯ ಅವಿಭಕ್ತ ಕುಟುಂಬವೇ ಆಗಿತ್ತು. ಯಜಮಾನನ ಮಾತಿಗೆ ಎದುರಿಲ್ಲದ ಕುಟುಂಬ. ಆ ವಾತ್ಸಲ್ಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದು ದೊರೆಯುತ್ತಿದ್ದುದು ಎಷ್ಟು ಜನಕ್ಕೆ? ದೇಶದಲ್ಲಿ ರೋಗಿಗಳ ಸಂಖ್ಯೆ ಲಕ್ಷಗಳಲ್ಲಿದ್ದರೆ ಹಾಸಿಗೆಗಳ ಸಂಖ್ಯೆ ಸಾವಿರಗಳಲ್ಲಿತ್ತು. ಬಾಗಿಲಿನೊಳಗೆ ಬಂದವನಿಗೆ ಕುಟುಂಬ. ಬಾಗಿಲ ಹೊರಗೆ ಉಳಿದವನಿಗೆ ಕಾಯುವವರ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೆ.

1944ರ ಸುಮಾರಿಗೆ ಸ್ಟ್ರೆಪ್ಟೊಮೈಸಿನ್, ಅದರ ಹಿಂದೆಯೇ ಪಿ.ಎ.ಎಸ್., 1952ರಲ್ಲಿ ಐಸೊನಯಾಜಿಡ್ ಬಂದವು. ಕೊನೆಯದು ಅಗ್ಗವಾದದ್ದು, ಬಾಯಿಯಿಂದ ನುಂಗತಕ್ಕದ್ದು. ಔಷಧವೇ ಕ್ರಿಮಿಯನ್ನು ಕೊಲ್ಲುವುದಾದರೆ ಮಂಚವೂ ಬೆಟ್ಟದ ಗಾಳಿಯೂ ಏಕೆ ಬೇಕು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಆದರೆ ಅದನ್ನು ಗಟ್ಟಿಯಾಗಿ ಕೇಳುವ ಧೈರ್ಯವನ್ನು ತೋರಿದ್ದು ಮದರಾಸು. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಈ ನಾಲ್ವರ ಸಹಕಾರದಿಂದ ಅಲ್ಲಿ ಒಂದು ಕೇಂದ್ರ ತೆರೆಯಿತು. ಅದರ ಹೊಣೆ ಹೊತ್ತವರು ವ್ಯಾಲೇಸ್ ಫಾಕ್ಸ್. ಕಫದಲ್ಲಿ ಕ್ರಿಮಿಯುಳ್ಳ 193 ಮಂದಿ ಬಡ ರೋಗಿಗಳನ್ನು ಆರಿಸಿ, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ ಎರಡು ಪಂಗಡ ಮಾಡಿ, ಒಂದು ಪಂಗಡವನ್ನು ಸ್ಯಾನಿಟೋರಿಯಂಗೆ ಕಳುಹಿಸಿ, ಇನ್ನೊಂದನ್ನು ಅವರವರ ಮನೆಯಲ್ಲಿಯೇ ಇರಗೊಟ್ಟು, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು.

ಮನೆಯೆಂದರೆ ಎಂತಹ ಮನೆ! ಗಾಳಿಬೆಳಕು ವಿರಳವಾದ ಒಂದೇ ಕೋಣೆಯಲ್ಲಿ ಮಕ್ಕಳುಮರಿಯೊಡನೆ ವಾಸ, ಅರೆಹೊಟ್ಟೆ ಊಟ, ಕೂಲಿ ಬಿಟ್ಟರೆ ಒಲೆ ಹೊತ್ತದು. ಸ್ಯಾನಿಟೋರಿಯಂಗೆ ಹೋದವರಿಗೆ ಒಳ್ಳೆಯ ಆಹಾರ, ವಿಶ್ರಾಂತಿ, ದಾದಿಯರ ಶುಶ್ರೂಷೆ ಎಲ್ಲವೂ ಲಭಿಸಿದವು. ಅವರ ತೂಕವೂ ಹೆಚ್ಚು ಏರಿತು. ಆದರೂ ವರ್ಷದ ಕೊನೆಯಲ್ಲಿ ಕಫವನ್ನು ಪರೀಕ್ಷಿಸಿದಾಗ ಮನೆಯಲ್ಲಿದ್ದವರು ತೀರ ಸ್ವಲ್ಪವೇ ಹಿಂದಿದ್ದರು; ಐದು ವರ್ಷ ಬಿಟ್ಟು ನೋಡಿದಾಗ ಆ ಅಂತರವೂ ಉಳಿದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿಯೇ ಉಳಿದ ರೋಗಿಗಳ ಹೆಂಡಿರು ಮಕ್ಕಳಿಗೆ ರೋಗವು ಸ್ಯಾನಿಟೋರಿಯಂಗೆ ಹೋದವರ ಮನೆಯವರಿಗಿಂತ ಹೆಚ್ಚಾಗಿ ಅಂಟಲಿಲ್ಲ. ರೋಗವನ್ನು ಗುರುತಿಸುವ ಮುನ್ನವೇ ಅಂಟಬೇಕಾದದ್ದು ಅಂಟಿಹೋಗಿರುತ್ತದೆ. ಔಷಧ ಆರಂಭವಾದ ಮೇಲೆ ರೋಗಿಯಿಂದ ಅಪಾಯ ಬೇಗನೆ ತಗ್ಗುತ್ತದೆ. ರೋಗಿಯನ್ನು ಮನೆಯಿಂದ ಬೇರ್ಪಡಿಸುವುದೇ ಧರ್ಮವೆಂದು ನಂಬಿ ಮೂರು ತಲೆಮಾರಿನ ವೈದ್ಯರು ತಾಯಿಯನ್ನು ಮಗುವಿನಿಂದಲೂ ಗಂಡನನ್ನು ಹೆಂಡತಿಯಿಂದಲೂ ಅಗಲಿಸಿದ್ದರು. ಔಷಧವಿಲ್ಲದ ಕಾಲಕ್ಕೆ ಅದು ಸರಿಯಾಗಿದ್ದಿರಬಹುದು. ಔಷಧ ಬಂದ ಮೇಲೆ ಆ ಅಗಲಿಕೆ ಅನವಶ್ಯಕವೆಂದು ತೋರಿಸಿಕೊಟ್ಟ ಈ ಅಧ್ಯಯನದ ವರದಿ 1959ರಲ್ಲಿ ಪ್ರಕಟವಾಯಿತು. ಲೋಕದ ಸ್ಯಾನಿಟೋರಿಯಂಗಳು ಒಂದೊಂದಾಗಿ ಮುಚ್ಚುವುದಕ್ಕೂ, ಇದ್ದವು ಸಾಮಾನ್ಯ ಆಸ್ಪತ್ರೆಗಳಾಗುವುದಕ್ಕೂ ಇದ್ದ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಹೀಗೆ ಚಿಕಿತ್ಸೆ ಮನೆಗೆ ಬಂದಿತು. ಅದರೊಡನೆ ಹೊಸದೊಂದು ಸಂಬಂಧವೂ ಹೊಸ ಶಂಕೆಯೊಂದೂ ಬಂದವು. ಮಂಚದ ಮೇಲಿನ ರೋಗಿಗೆ ದಾದಿಯು ಕಣ್ಣೆದುರಿನಲ್ಲಿ ಔಷಧ ಕೊಡುತ್ತಿದ್ದಳು. ಮನೆಯಲ್ಲಿರುವವನು ನುಂಗಿದನೋ ಬಿಸುಟನೋ ಬಲ್ಲವರಾರು? ಪಿ.ಎ.ಎಸ್. ಬಹು ದೊಡ್ಡ ಪ್ರಮಾಣದಲ್ಲಿ ನುಂಗಬೇಕಾದ ಔಷಧ; ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಇನ್ನು ಎರಡು ಮೂರು ತಿಂಗಳಲ್ಲಿ ಕೆಮ್ಮು ನಿಂತು ಮೈಗೆ ಚೈತನ್ಯ ಬಂದ ಮೇಲೆ ಒಂಬತ್ತು ತಿಂಗಳು ಅದನ್ನು ನುಂಗುತ್ತಿರುವುದು ಯಾರಿಗಾದರೂ ಕಷ್ಟವೇ. ಆದುದರಿಂದ ಕೇಂದ್ರದ ಹೆಲ್ತ್ ವಿಸಿಟರುಗಳು ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಔಷಧವನ್ನು ಎಣಿಸುತ್ತಿದ್ದರು. ಮೂತ್ರವನ್ನು ತಂದು ಅದಕ್ಕೆ ಫೆರಿಕ್ ಕ್ಲೋರೈಡಿನ ಹನಿಯನ್ನು ಹಾಕಿ, ಬಣ್ಣ ತಿರುಗಿದರೆ ಔಷಧ ಒಳಗೆ ಹೋಗಿದೆಯೆಂದು ತಿಳಿಯುತ್ತಿದ್ದರು. ರೋಗಿಯು ತಾನೇ ಔಷಧ ತೆಗೆದುಕೊಳ್ಳುವುದರ ತೊಡಕನ್ನು ಕುರಿತು ಫಾಕ್ಸ್ 1958ರಲ್ಲಿಯೇ ಒಂದು ಲೇಖನ ಬರೆದರು. ಮುಂದೆ ಇದೇ ಕೇಂದ್ರದಲ್ಲಿ, ವಾರಕ್ಕೆರಡು ಬಾರಿ ರೋಗಿಯನ್ನು ಕರೆಯಿಸಿ ಸಿಬ್ಬಂದಿಯ ಎದುರಿನಲ್ಲಿಯೇ ಸ್ಟ್ರೆಪ್ಟೊಮೈಸಿನ್ ಮತ್ತು ಐಸೊನಯಾಜಿಡ್ ಕೊಡುವ ಪದ್ಧತಿಯನ್ನು ಪರೀಕ್ಷಿಸಿ ಫಲಕಾರಿಯೆಂದು ಕಂಡುಕೊಂಡರು.

ಆ ಹೆಲ್ತ್ ವಿಸಿಟರುಗಳ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಮದರಾಸಿನ ಸುಡುಬಿಸಿಲಿನಲ್ಲಿ ಗುಡಿಸಲಿಂದ ಗುಡಿಸಲಿಗೆ ನಡೆದು, ಬಾಗಿಲಲ್ಲಿ ಕುಳಿತು, ಗಂಡನಿಗೆ ತಿಳಿಯದಂತೆ ಔಷಧವನ್ನು ಅಡಗಿಸಿಡಬೇಕಾಗಿದ್ದ ಹೆಂಗಸಿನೊಡನೆಯೂ, ಕೆಲಸ ಹೋದೀತೆಂದು ಅಂಜುವ ಕೂಲಿಯವನೊಡನೆಯೂ ಅವರು ಆಡಿರಬಹುದಾದ ಮಾತುಗಳು ಯಾವ ಪಟ್ಟಿಯಲ್ಲಿಯೂ ದಾಖಲಾಗಲಿಲ್ಲ. ಲೆಕ್ಕಕ್ಕೆ ಬಂದದ್ದು ಗುಳಿಗೆ ಮತ್ತು ಬಣ್ಣ. ಆದರೆ ಗುಳಿಗೆಯನ್ನು ಎಣಿಸಲು ಹೋದವಳು ಮನೆಯನ್ನೂ ಕಂಡಳು. ಒಂದು ವರ್ಷದ ಮನೆಚಿಕಿತ್ಸೆ ಫಲಿಸಿದುದರಲ್ಲಿ ಆ ಕಾಣುವಿಕೆಯ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಇದೇ ವೇಳೆಗೆ, 1959ರಲ್ಲಿ, ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅದರ ವಿಧ್ಯುಕ್ತ ಉದ್ಘಾಟನೆಗೆ ಬಂದ ಜವಾಹರಲಾಲ ನೆಹರೂ ಅವರಿಗೆ ಕ್ಷಯವು ಅಪರಿಚಿತವಲ್ಲ: ಅವರ ಪತ್ನಿ ಕಮಲಾ ಭೊವಾಲಿಯ ಸ್ಯಾನಿಟೋರಿಯಂನಲ್ಲಿಯೂ ಬಳಿಕ ಯೂರೋಪಿನಲ್ಲಿಯೂ ಚಿಕಿತ್ಸೆ ಪಡೆದು 1936ರ ಫೆಬ್ರವರಿಯಲ್ಲಿ ಲೊಸಾನ್ ನಗರದಲ್ಲಿ ತೀರಿಕೊಂಡಿದ್ದರು. ಈ ಸಂಸ್ಥೆಯ ವೈಶಿಷ್ಟ್ಯವೇನೆಂದರೆ, ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಕ್ರಿಮಿಶಾಸ್ತ್ರಜ್ಞರು, ದಾದಿಯರು ಇವರ ಸಮಪಂಕ್ತಿಯಲ್ಲಿ ಸಮಾಜವನ್ನು ಅಧ್ಯಯನ ಮಾಡುವವರನ್ನೂ ಕೂರಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಇಲ್ಲಿ ದುಡಿದವರಲ್ಲಿ ಹಾಫ್‌ಡಾನ್ ಮಾಲರ್ ಒಬ್ಬರು. ಮುಂದೆ 1973ರಿಂದ ಅವರು ಆ ಸಂಸ್ಥೆಗೇ ಮಹಾನಿರ್ದೇಶಕರಾಗಿ, ಜನರ ಮನೆಬಾಗಿಲಿನಿಂದ ಆರಂಭವಾಗತಕ್ಕ ಪ್ರಾಥಮಿಕ ಆರೋಗ್ಯದ ಪರ ಲೋಕಾದ್ಯಂತ ವಾದಿಸಿದರು.

ಆಗ ಪ್ರಬಲವಾಗಿದ್ದ ಅಭಿಪ್ರಾಯ ಹೀಗಿತ್ತು. ಹಳ್ಳಿಗನು ಅಜ್ಞಾನಿ, ಕ್ಷಯವು ತನ್ನನ್ನು ತಿನ್ನುತ್ತಿರುವುದು ಅವನಿಗೆ ತಿಳಿಯದು, ತಿಳಿದರೂ ಮಂತ್ರವಾದಿಯ ಬಳಿಗೆ ಹೋಗುವನೇ ಹೊರತು ಆಸ್ಪತ್ರೆಗೆ ಬಾರನು, ಆದಕಾರಣ ಕ್ಷ-ಕಿರಣ ಯಂತ್ರವನ್ನು ಲಾರಿಯಲ್ಲಿ ಹೇರಿಕೊಂಡು ಹಳ್ಳಿಹಳ್ಳಿಗೂ ಹೋಗಿ ರೋಗಿಗಳನ್ನು ನಾವೇ ಹುಡುಕಬೇಕು, ಭಾಷಣ ಚಿತ್ರಪ್ರದರ್ಶನಗಳಿಂದ ಅವರಿಗೆ ಬುದ್ಧಿ ಹೇಳಬೇಕು. ಇದು ದುಷ್ಟರ ಅಭಿಪ್ರಾಯವಲ್ಲ. ಜನಹಿತವನ್ನು ಪ್ರಾಮಾಣಿಕವಾಗಿ ಬಯಸಿದವರೂ ಹೀಗೆಯೇ ತಿಳಿದಿದ್ದರು. ಸಂಸ್ಥೆಯು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಸಮೀಕ್ಷೆ ನಡೆಸಿದಾಗ, ವೈದ್ಯಕ ಓದಿ ಸಮಾಜಶಾಸ್ತ್ರದ ಕಡೆ ತಿರುಗಿದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಈ ಅಭಿಪ್ರಾಯವನ್ನೇ ಪರೀಕ್ಷೆಗೆ ಒಡ್ಡಿದರು. ಸಮೀಕ್ಷೆಯಲ್ಲಿ ರೋಗದ ಗುರುತು ಕಂಡುಬಂದವರನ್ನೂ, ಅವರಿಗೆ ವಯಸ್ಸು ಲಿಂಗಗಳಲ್ಲಿ ಸಮಾನರಾದ ಆರೋಗ್ಯವಂತರನ್ನೂ ಅವರವರ ಊರಿನಲ್ಲಿಯೇ ಮಾತನಾಡಿಸಿದರು: ನಿಮಗೆ ಏನಾಗುತ್ತಿದೆ, ಅದರಿಂದ ಚಿಂತೆ ಉಂಟಾಗಿದೆಯೇ, ಅದಕ್ಕಾಗಿ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ?

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಫಲಿತಾಂಶವನ್ನು ಓದುವಾಗ ಇಂದಿಗೂ ಮನಸ್ಸು ಕಲಕುತ್ತದೆ. ಕಫದಲ್ಲಿ ಕ್ರಿಮಿ ಕಂಡವರ ಪೈಕಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲಿಗೆ ಹತ್ತಿರಹತ್ತಿರ ಜನ ಅವುಗಳಿಂದ ಚಿಂತಿತರಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಧುನಿಕ ವೈದ್ಯದ ಬಾಗಿಲಿಗೆ, ಬಹುಮಟ್ಟಿಗೆ ಸರ್ಕಾರಿ ಆಸ್ಪತ್ರೆಗೆ, ಹೋಗಿ ಬಂದಿದ್ದರು. ಹಾಗೆ ಹೋದವರಿಗೆ ಅಲ್ಲಿ ದೊರೆತದ್ದೇನು? ಕಫದ ಪರೀಕ್ಷೆಯಲ್ಲ, ಕ್ಷಯದ ಔಷಧವಲ್ಲ. ಒಂದು ಬಾಟಲಿ ಕೆಮ್ಮಿನ ಮಿಕ್ಸ್‌ಚರ್.

ಆ ಬಾಟಲಿಯ ಹಿಂದಿನ ಪ್ರಯಾಣವನ್ನು ನಾವು ಕಲ್ಪಿಸಿಕೊಳ್ಳಬೇಕು. ಪಾವಗಡದ ಕಡೆಯ ಬಯಲಿನಿಂದಲೋ ಕುಣಿಗಲಿನ ಕಡೆಯ ಹಳ್ಳಿಯಿಂದಲೋ, ಒಂದು ದಿನದ ಕೂಲಿಯನ್ನು ಬಿಟ್ಟು, ತೊಳೆದ ಖಾಲಿ ಶೀಸೆಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೆಮ್ಮುತ್ತ ಮೈಲಿಗಳ ದೂರ ನಡೆದುಬಂದು, ಸರದಿಯಲ್ಲಿ ನಿಂತು, ‘ತಿಂಗಳಿಂದ ಕೆಮ್ಮು ಸ್ವಾಮಿ, ಸಾಯಂಕಾಲವಾದರೆ ಮೈ ಕಾಯುತ್ತೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವನಿಗೆ, ತಲೆಯೆತ್ತದೆ ಚೀಟಿ ಬರೆದುಕೊಟ್ಟರೆ, ಕಾಂಪೌಂಡರು ಆ ಶೀಸೆಗೆ ಕೆಂಪು ನೀರನ್ನು ತುಂಬಿ ಕಳುಹಿಸುತ್ತಾನೆ. ಅವನು ಚರಕನು ಕೇಳಿದ ಗುಣವನ್ನು ಪೂರ್ತಿಯಾಗಿ ಮೆರೆದಿದ್ದನು; ತನ್ನ ವ್ಯಾಧಿಯನ್ನು ತಿಳಿಯಹೇಳಿದ್ದನು. ಕೇಳಿಸಿಕೊಳ್ಳತಕ್ಕವರು ಕೇಳಿಸಿಕೊಳ್ಳಲಿಲ್ಲ. ಇದರಲ್ಲಿ ಆ ವೈದ್ಯರೊಬ್ಬರದೇ ದೋಷವೆಂದರೆ ಅನ್ಯಾಯವಾದೀತು. ಬೆಳಗಿನಿಂದ ನೂರಾರು ಜನರನ್ನು ನೋಡಬೇಕಾದ, ಸೂಕ್ಷ್ಮದರ್ಶಕವನ್ನೂ ಕ್ಷಯದ ಔಷಧವನ್ನೂ ಯಾರೂ ಒದಗಿಸದ, ಕ್ಷಯವೆಂಬುದು ಪಟ್ಟಣದ ತಜ್ಞರ ಕೆಲಸವೆಂದು ಕಾಲೇಜಿನಲ್ಲಿ ಕಲಿತುಬಂದ ಹಳ್ಳಿಯ ಡಾಕ್ಟರಿಗೆ ಬೇರೆ ದಾರಿಯೂ ಬಹಳ ಇರಲಿಲ್ಲ. ಆದರೆ ಜನರ ಅಜ್ಞಾನವೆಂದು ಎಷ್ಟೋ ಕಾಲದಿಂದ ಹೇಳಿಕೊಂಡು ಬಂದ ಮಾತಿಗೆ ತುಮಕೂರಿನ ಹಳ್ಳಿಗಳು ಕೊಟ್ಟ ಉತ್ತರ ಇದು: ರೋಗಿಯು ಬಂದಿದ್ದನು, ವೈದ್ಯವ್ಯವಸ್ಥೆಯೇ ಅವನನ್ನು ಮರಳಿ ಕಳುಹಿಸಿತ್ತು.

ಪತ್ರಿಕೆಯಲ್ಲಿ ಪ್ರಕಟವಾಗುವ ಮುನ್ನವೇ ಸಂಸ್ಥೆಗೆ ದೊರೆತಿದ್ದ ಈ ಅರಿವಿನ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಅಡಿಪಾಯ ನಿಂತಿತು. ಸಂಸ್ಥೆಯವರು ನೆರೆಯ ಅನಂತಪುರ ಜಿಲ್ಲೆಯಲ್ಲಿ ಅದರ ಮಾದರಿಯನ್ನು ಮೊದಲು ನಡೆಸಿ ನೋಡಿದರು. ರೋಗಿಯನ್ನು ಬೆನ್ನಟ್ಟಿ ಹೋಗುವುದಕ್ಕೆ ಮುಂಚೆ, ತಾನಾಗಿ ಬಂದವನ ಕಫವನ್ನು ಅವನಿಗೆ ಅತ್ಯಂತ ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕದಡಿ ನೋಡಬೇಕು; ಅಲ್ಲಿಯೇ ಪುಕ್ಕಟೆಯಾಗಿ ಔಷಧ ಕೊಡಬೇಕು; ಕ್ಷಯವನ್ನು ಬೇರೆ ಇಲಾಖೆಯಾಗಿ ಮಾಡದೆ ಸಾಮಾನ್ಯ ಆಸ್ಪತ್ರೆಯ ಕೆಲಸದೊಳಗೆ ಸೇರಿಸಬೇಕು. ತಿಂಗಳಿಗೊಮ್ಮೆ ಬಂದು ರೋಗಿಯು ಔಷಧ ಒಯ್ಯುವನು. ಗೊತ್ತಾದ ದಿನ ಬಾರದಿದ್ದರೆ ಕಾಗದ ಬರೆಯುವರು. ಆಗಲೂ ಬಾರದಿದ್ದರೆ ಮನೆಗೆ ಹೋಗಿ ಕಾಣುವರು. ಬರಹದ ಮೇಲೆ ಇಷ್ಟು ವಿವೇಕಯುಕ್ತವಾದ ಯೋಜನೆ ನಮ್ಮ ದೇಶದಲ್ಲಿ ಅಪರೂಪ.

ನಡೆದುಬಂದದ್ದು ಬೇರೆ. ಹಣ ಸಾಲದು, ಔಷಧ ನಡುವೆ ಮುಗಿಯುವುದು, ಸೂಕ್ಷ್ಮದರ್ಶಕ ಕೆಟ್ಟು ಕೂರುವುದು, ಸಿಬ್ಬಂದಿ ವರ್ಗವಾಗುವುದು. ವರ್ಷ, ಒಂದೂವರೆ ವರ್ಷ ನುಂಗಬೇಕಾದ ಔಷಧಕ್ಕಾಗಿ ಬಂದವನು ‘ಸ್ಟಾಕ್ ಇಲ್ಲ, ಮುಂದಿನ ವಾರ ಬಾ’ ಎಂಬ ಮಾತನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಬರುವುದಿಲ್ಲ; ಬಾರದವನ ಹೆಸರಿನ ಮುಂದೆ ತಪ್ಪಿಸಿಕೊಂಡವನೆಂದು ಷರಾ ಬೀಳುತ್ತದೆ. 1992ರಲ್ಲಿ ಇಡೀ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಚಿಕಿತ್ಸೆಯನ್ನು ಕೊನೆಮುಟ್ಟಿಸುವವರು ಅರ್ಧಕ್ಕಿಂತಲೂ ಕಡಿಮೆಯೆಂದು ತಿಳಿದುಬಂದಿತು. ತುಮಕೂರಿನಲ್ಲಿ ಕಲಿತ ಪಾಠ ಇಷ್ಟು ಬೇಗ ಮರೆತುಹೋಗಿ, ತಪ್ಪು ಮತ್ತೆ ರೋಗಿಯ ತಲೆಯ ಮೇಲೆಯೇ ಬಂದು ಕುಳಿತದ್ದು ಈ ಚರಿತ್ರೆಯ ಅತ್ಯಂತ ದುಃಖಕರವಾದ ಭಾಗವೆಂದು ನನಗೆ ತೋರುತ್ತದೆ.

ಅದರ ಪರಿಹಾರವಾಗಿ ಬಂದದ್ದು ಡಾಟ್ಸ್ ಪದ್ಧತಿ. 1993ರಲ್ಲಿ ಪ್ರಯೋಗರೂಪವಾಗಿ ಆರಂಭವಾಗಿ 2006ರ ಹೊತ್ತಿಗೆ ದೇಶದಲ್ಲೆಲ್ಲ ವ್ಯಾಪಿಸಿತು. ರೋಗಿಯು ವಾರಕ್ಕೆ ಮೂರು ದಿನ ಆರೋಗ್ಯ ಕೇಂದ್ರಕ್ಕೋ, ಅಂಗನವಾಡಿಗೋ, ಆಶಾ ಕಾರ್ಯಕರ್ತೆಯ ಮನೆಗೋ ಬಂದು ಇನ್ನೊಬ್ಬರ ಕಣ್ಣೆದುರಿನಲ್ಲಿ ಗುಳಿಗೆ ನುಂಗಬೇಕು. ಮದರಾಸಿನಲ್ಲಿ ಹುಟ್ಟಿದ ಬೀಜವೇ ಲೋಕವನ್ನೆಲ್ಲ ಸುತ್ತಿ, ಆಫ್ರಿಕದಲ್ಲಿ ಬೆಳೆದು, ನಮ್ಮಲ್ಲಿಗೆ ಮರಳಿತು. ಈ ಪದ್ಧತಿಯಲ್ಲಿ ನನಗೆ ಮೆಚ್ಚಿಗೆಯಾದದ್ದು ಕಾವಲಲ್ಲ, ಪೆಟ್ಟಿಗೆ. ಪ್ರತಿಯೊಬ್ಬ ರೋಗಿಯ ಹೆಸರಿನಲ್ಲಿಯೂ ಮೊದಲ ದಿನದಿಂದ ಕೊನೆಯ ದಿನದವರೆಗೆ ಬೇಕಾದ ಎಲ್ಲ ಔಷಧವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ಮೊದಲೇ ತೆಗೆದಿರಿಸುತ್ತಿದ್ದರು. ನಿನ್ನ ಔಷಧ ನಡುವೆ ಮುಗಿಯುವುದಿಲ್ಲ, ಇನ್ನೊಬ್ಬನ ಪಾಲಾಗುವುದಿಲ್ಲವೆಂಬ ಸರ್ಕಾರದ ವಚನವು ಕಣ್ಣಿಗೆ ಕಾಣುವಂತೆ ಕಪಾಟಿನಲ್ಲಿ ಕುಳಿತಿತ್ತು. ಮೂವತ್ತು ವರ್ಷ ರೋಗಿಯು ಕೇಳುತ್ತಿದ್ದುದು ಇದನ್ನೇ.

ಕಾವಲಿನ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಪಾಕಿಸ್ತಾನದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ, ಎದುರಿಗೆ ನುಂಗಿಸಿದ ರೋಗಿಗಳನ್ನೂ ತಾವೇ ತೆಗೆದುಕೊಂಡ ರೋಗಿಗಳನ್ನೂ ಹೋಲಿಸಿ ನೋಡಿದಾಗ ಗುಣವಾದವರ ಪ್ರಮಾಣದಲ್ಲಿ ಗಣ್ಯವಾದ ಅಂತರ ಕಾಣಲಿಲ್ಲ. ಕಲ್ಲು ಒಡೆಯುವವನು, ಬೀಡಿ ಸುತ್ತುವವಳು, ಗಾರೆಕೆಲಸದವನು ವಾರಕ್ಕೆ ಮೂರು ಬೆಳಗನ್ನು ಕಳೆದುಕೊಂಡು ಬಂದು ನಿಲ್ಲಬೇಕೆಂದರೆ ಆ ನಷ್ಟವನ್ನು ತುಂಬುವವರಾರು? ಊರ ನಡುವಿನ ಅಂಗನವಾಡಿಗೆ ಹೋಗಿ ನುಂಗುವ ಹೊಸ ಸೊಸೆಯ ರೋಗವು ಊರಿಗೆಲ್ಲ ತಿಳಿಯುವುದನ್ನು ತಡೆಯುವವರಾರು? ಎದುರಿಗೆ ಕುಳಿತವಳು ಆಪ್ತಳಾಗಿ, ವಾಂತಿಯಾಯಿತೇ, ಹೊಟ್ಟೆಗೆ ಏನಾದರೂ ಬಿತ್ತೇ ಎಂದು ವಿಚಾರಿಸುವವಳಾದ ಕಡೆ ಈ ಪದ್ಧತಿ ಗೆದ್ದಿತು. ಬರಿಯ ಸಹಿ ಹಾಕಿಸಿಕೊಳ್ಳುವವಳಾದ ಕಡೆ ಅದು ಹಾಜರಿ ಪುಸ್ತಕವಾಯಿತು. ಅನಂತರ ವಾರಕ್ಕೆ ಮೂರು ದಿನದ ಕ್ರಮ ಹೋಗಿ ದಿನವೂ ಔಷಧ ತೆಗೆದುಕೊಳ್ಳುವ ಕ್ರಮ ಬಂದಿತು.

ಮದರಾಸಿನ ಅಧ್ಯಯನದಿಂದ ಜನ ಹೊರಡಿಸಿದ ತೀರ್ಮಾನಗಳಲ್ಲಿ ಒಂದನ್ನು ಕಾಲವು ಈಚೆಗೆ ತಿದ್ದಿದೆ. ಅರೆಹೊಟ್ಟೆಯಲ್ಲಿಯೂ ಔಷಧ ಫಲಿಸಿತೆಂಬುದರಿಂದ ಆಹಾರದ ಮಾತೇ ಚಿಕಿತ್ಸೆಯ ಲೆಕ್ಕದಿಂದ ಬಿದ್ದುಹೋಗಿತ್ತು. ರೋಗಿಗಳು ಮಾತ್ರ ‘ಮಾತ್ರೆ ಕೊಡ್ತೀರಿ ಸ್ವಾಮಿ, ಅದರ ಉರಿ ತಡೆಯೋಕೆ ಊಟ ಎಲ್ಲಿ’ ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಸರ್ಕಾರವು 2018ರಲ್ಲಿ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿಯನ್ನು ಪೋಷಣೆಗೆಂದು ಕೊಡಲು ಆರಂಭಿಸಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿಗಳೂ ಅವರ ಸಂಗಡಿಗರೂ ಝಾರ್ಖಂಡದಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಹೊರಬಂದಿತು. 2800 ರೋಗಿಗಳಿಗೆ ತಿಂಗಳು ತಿಂಗಳು ಅಕ್ಕಿ, ಕಡಲೆಹಿಟ್ಟು, ಹಾಲಿನ ಪುಡಿ, ಎಣ್ಣೆಗಳನ್ನು ಔಷಧದೊಡನೆ ಮುಟ್ಟಿಸಿದರು. ಹತ್ತು ಸಾವಿರವನ್ನು ಮೀರಿದ್ದ ಮನೆಯವರಲ್ಲಿ ಒಂದು ಪಂಗಡಕ್ಕೂ ದಿನಸಿ ಕೊಟ್ಟು, ಇನ್ನೊಂದು ಪಂಗಡದೊಡನೆ ಹೋಲಿಸಿದಾಗ, ದಿನಸಿ ದೊರೆತವರಲ್ಲಿ ಹೊಸದಾಗಿ ಕ್ಷಯ ಹಿಡಿಯುವುದು ನೂರಕ್ಕೆ ಸುಮಾರು 40ರಷ್ಟು ತಗ್ಗಿತ್ತು. ಮೊದಲ ಎರಡು ತಿಂಗಳಲ್ಲಿ ಮೈತುಂಬಿಕೊಂಡ ರೋಗಿಗಳಲ್ಲಿ ಸಾವು ಕಡಿಮೆಯಾಗಿತ್ತು. ತಕ್ಕಡಿಯನ್ನೂ ದಿನಸಿಯ ಚೀಲವನ್ನೂ ಹೊತ್ತುಕೊಂಡು ಆ ಕಾಡುಸೀಮೆಯ ಮನೆಗಳಿಗೆ ಹೋದ ಕಾರ್ಯಕರ್ತರು ರೋಗಿಯೊಬ್ಬನನ್ನೇ ಅಲ್ಲದೆ ಅವನ ಹೆಂಡತಿಯನ್ನೂ ಮಕ್ಕಳನ್ನೂ ತೂಗಿ, ಮುಂದಿನ ತಿಂಗಳು ಮತ್ತೆ ಬಂದು, ಯಾರಿಗೆ ಕೆಮ್ಮು ಬಂದಿದೆ ಎಂದು ವಿಚಾರಿಸಿ ಹೋಗುತ್ತಿದ್ದರು.